ಅಗಲಿದವರ ದನಿ, ಉಳಿದವರ ಹಾಡು

ಹಲವರು ಕೂಡಿ ಕಟ್ಟಿದ ಕೆಲಸದ ನಡುವಿನಿಂದ ಒಬ್ಬರು ಅಗಲಿ ಹೋದರೆ ಉಳಿದವರ ಕರ್ತವ್ಯವೇನು? ಈ ಪ್ರಶ್ನೆ ನಮ್ಮಲ್ಲಿ ಅನೇಕರಿಗೆ ಹೊಸದಲ್ಲ. ಊರಿನ ಭಜನಾ ಮೇಳದಲ್ಲಿ ದಶಕಗಳ ಕಾಲ ಮುಂದೆ ನಿಂತು ಹಾಡಿದ ಹಿರಿಯರು ಲಿಂಗೈಕ್ಯರಾದಾಗ, ಮರುವಾರ ಹಾರ್ಮೋನಿಯಂ ಪೆಟ್ಟಿಗೆಯನ್ನು ತೆರೆಯುವುದೋ ಬಿಡುವುದೋ ಎಂದು ಉಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಅಣ್ಣತಮ್ಮಂದಿರು ಸೇರಿ ನಡೆಸಿದ ಅಂಗಡಿಯಲ್ಲಿ ಒಬ್ಬನು ಕಣ್ಮರೆಯಾದರೆ ಗಲ್ಲಾಪೆಟ್ಟಿಗೆಯ ಮುಂದಿನ ಆ ಆಸನದಲ್ಲಿ ಕುಳಿತುಕೊಳ್ಳಲು ಎಷ್ಟೋ ದಿನ ಯಾರಿಗೂ ಮನಸ್ಸು ಬರುವುದಿಲ್ಲ. ನಿಲ್ಲಿಸಿದರೆ ಹೋದವರ ಶ್ರಮವೆಲ್ಲ ವ್ಯರ್ಥವಾಯಿತೆನಿಸುತ್ತದೆ. ಮುಂದುವರಿಸಿದರೆ ಅವರನ್ನು ಇಷ್ಟು ಬೇಗ ಮರೆತೆವೇ ಎಂದು ಮನಸ್ಸು ಚುಚ್ಚುತ್ತದೆ.

ಈ ಇಕ್ಕಟ್ಟನ್ನು ಎದುರಿಸಿದ ಒಂದು ಸಂಗೀತ ತಂಡದ ಕಥೆಯನ್ನು ಈ ಸಂಚಿಕೆಯಲ್ಲಿ ಓದುಗ ಬಂಧುಗಳ ಮುಂದಿಡಬಯಸುತ್ತೇವೆ. ಆ ತಂಡ ಅಮೆರಿಕೆಯದು. ಅದರ ಹೆಸರು ಆಲಿಸ್ ಇನ್ ಚೈನ್ಸ್. ಅದು ಹಾಡುವುದು ರಾಕ್ ಸಂಗೀತ. ನಮ್ಮ ಮನೆಗಳ ಹಿರಿಯರು ಅದನ್ನು ಕೇಳಿದರೆ ಗದ್ದಲವೆಂದು ಕಿವಿ ಮುಚ್ಚಿಕೊಂಡಾರು. ಆದರೆ ಅದೇ ಮನೆಗಳ ಮಕ್ಕಳು ಆ ಸಂಗೀತವನ್ನು ಬಲ್ಲರು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ಹಾಡಿದಾಗ ನೆರೆದ ಸಹಸ್ರಾರು ಯುವಕರಲ್ಲಿ ನಮ್ಮ ನಾಡಿನ ಮನೆಗಳ ಮಕ್ಕಳೂ ಇದ್ದರು. ಮಕ್ಕಳು ಕೇಳುವ ಹಾಡಿನ ಹಿಂದೆ ಎಂತಹ ಬದುಕಿದೆ, ಎಂತಹ ನೋವಿದೆ ಎಂಬುದನ್ನು ಹಿರಿಯರು ಅರಿತಿದ್ದರೆ ಮನೆಯಲ್ಲಿ ಮಾತುಕತೆಗೆ ಒಂದು ಬಾಗಿಲು ತೆರೆಯುತ್ತದೆ.

ಸಿಯಾಟಲ್ ನಗರದ ನಾಲ್ವರು

ಅಮೆರಿಕೆಯ ವಾಯವ್ಯ ಮೂಲೆಯಲ್ಲಿ, ಮಳೆ ಮೋಡಗಳು ಹೆಚ್ಚಾಗಿ ಕವಿದಿರುವ ಸಿಯಾಟಲ್ ಎಂಬ ಬಂದರು ನಗರವಿದೆ. ಅಲ್ಲಿ 1987ರಲ್ಲಿ ನಾಲ್ವರು ತರುಣರು ಈ ತಂಡವನ್ನು ಕಟ್ಟಿದರು. ಗಿಟಾರ್ ನುಡಿಸಿ ಹಾಡುಗಳನ್ನು ರಚಿಸುತ್ತಿದ್ದವರು ಜೆರ್ರಿ ಕ್ಯಾಂಟ್ರೆಲ್. ಹಾಡುಗಾರರು ಲೇನ್ ಸ್ಟೇಲಿ. ಡ್ರಮ್ ಬಾರಿಸುತ್ತಿದ್ದವರು ಶಾನ್ ಕಿನ್ನಿ. ಬಾಸ್ ಗಿಟಾರಿನವರು ಮೈಕ್ ಸ್ಟಾರ್. ಆ ವರ್ಷವೇ ಕ್ಯಾಂಟ್ರೆಲ್ ತಮ್ಮ ತಾಯಿಯನ್ನು ಕಳೆದುಕೊಂಡಿದ್ದರು. ಇಪ್ಪತ್ತೊಂದರ ಹರೆಯದ ಅವರಿಗೆ ಸ್ಟೇಲಿಯವರ ಸ್ನೇಹ ದೊರೆಯಿತು. ಇಬ್ಬರೂ ತಾಲೀಮು ನಡೆಸುತ್ತಿದ್ದ ಕಟ್ಟಡದಲ್ಲಿಯೇ ಮಲಗಿ ಎದ್ದು, ಇದ್ದುದನ್ನು ಹಂಚಿಕೊಂಡು ಕಾಲ ಕಳೆದರು. ಹೀಗಾಗಿ ಆ ತಂಡ ಅವರ ಪಾಲಿಗೆ ಹೊಟ್ಟೆಪಾಡಿನ ವ್ಯವಹಾರ ಮಾತ್ರವಾಗಿರದೆ ಮನೆಯೂ ಆಗಿತ್ತು.

ಅವರ ಮೊದಲ ಧ್ವನಿಮುದ್ರಿಕೆ 'ಫೇಸ್‌ಲಿಫ್ಟ್' 1990ರಲ್ಲಿ ಹೊರಬಂದಿತು. 1992ರ ಸೆಪ್ಟೆಂಬರ್ 29ರಂದು ಬಂದ 'ಡರ್ಟ್' ಅವರನ್ನು ಪ್ರಸಿದ್ಧಿಯ ಶಿಖರಕ್ಕೇರಿಸಿತು. 1993ರಲ್ಲಿ ಮೈಕ್ ಸ್ಟಾರ್ ತಂಡವನ್ನು ಬಿಡಲಾಗಿ ಅವರ ಸ್ಥಾನಕ್ಕೆ ಮೈಕ್ ಐನೆಜ್ ಬಂದರು. ಅದೇ ವರ್ಷ ಸುಮಾರು ಒಂದು ವಾರದ ಅವಧಿಯಲ್ಲಿ ರಚಿಸಿ ಮುದ್ರಿಸಿದ 'ಜಾರ್ ಆಫ್ ಫ್ಲೈಸ್' ಎಂಬ ಕಿರು ಧ್ವನಿಮುದ್ರಿಕೆಯು 1994ರ ಜನವರಿಯಲ್ಲಿ ಹೊರಬಂದು ಅಮೆರಿಕೆಯ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೇರಿತು. ಕಿರು ಧ್ವನಿಮುದ್ರಿಕೆಯೊಂದು ಹೀಗೆ ಪ್ರವೇಶಿಸಿದ್ದು ಅದೇ ಮೊದಲು.

ಈ ತಂಡದ ಸಂಗೀತದ ಒಂದು ಲಕ್ಷಣವನ್ನು ಇಲ್ಲಿ ವಿವರಿಸಲೇಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ. ಸಾಮಾನ್ಯವಾಗಿ ರಾಕ್ ತಂಡವೊಂದರಲ್ಲಿ ಒಬ್ಬರು ಹಾಡುತ್ತಾರೆ, ಉಳಿದವರು ನುಡಿಸುತ್ತಾರೆ. ಇಲ್ಲಿ ಹಾಗಲ್ಲ. ಸ್ಟೇಲಿಯವರ ದನಿಯೂ ಕ್ಯಾಂಟ್ರೆಲ್ಲರ ದನಿಯೂ ಒಂದರ ಪಕ್ಕದಲ್ಲೊಂದು, ಬೇರೆ ಬೇರೆ ಸ್ವರಗಳಲ್ಲಿ, ಒಂದೇ ಸಾಲನ್ನು ಜೊತೆಯಾಗಿ ಹಾಡುತ್ತಿದ್ದವು. ಗಿಟಾರಿನ ತಂತಿಗಳ ಶ್ರುತಿಯನ್ನು ಅರ್ಧ ಸ್ವರದಷ್ಟು ಕೆಳಗಿಳಿಸಿ, ನಿಧಾನವಾದ ಭಾರವಾದ ನಡೆಯ ಮೇಲೆ ಆ ಎರಡು ದನಿಗಳನ್ನು ಕೂಡಿಸಿದಾಗ ಹುಟ್ಟುವ ನಾದವು ಎರಡರಲ್ಲಿ ಯಾವೊಂದು ಕಂಠಕ್ಕೂ ಸೇರಿದ್ದೆನಿಸುತ್ತಿರಲಿಲ್ಲ. ಕೇಳುಗರು ಈ ತಂಡವನ್ನು ಗುರುತಿಸುತ್ತಿದ್ದುದು ಆ ಜೋಡಿ ದನಿಯಿಂದಲೇ.

ಕತ್ತಲೆಯ ವರ್ಷಗಳು

ಹೆಸರು, ಹಣ ಎರಡೂ ಬಂದ ಆ ದಿನಗಳಲ್ಲಿಯೇ ಮಾದಕವಸ್ತುವಿನ ವ್ಯಸನವೂ ಬಂದಿತು. ಸ್ಟೇಲಿಯವರು ಹೆರಾಯಿನ್‌ಗೆ ಅಧೀನರಾದರು. 'ಡರ್ಟ್' ಮುದ್ರಿಕೆಯ ಹಲವು ಹಾಡುಗಳು ಆ ಅಧೀನತೆಯನ್ನೇ ಕುರಿತು ಹಾಡಿದವು. ಲಕ್ಷಾಂತರ ಜನ ಕೊಂಡು ಕೇಳಿದ ಆ ಹಾಡುಗಳು ಒಬ್ಬ ಮನುಷ್ಯನ ಆರ್ತನಾದವಾಗಿದ್ದವು ಎಂಬುದು ವಿಷಾದದ ಸಂಗತಿ. ಚಿಕಿತ್ಸೆಗೆ ಹೋದದ್ದೂ ಉಂಟು, ಮರಳಿ ಬಿದ್ದದ್ದೂ ಉಂಟು. 1995ರ ನವೆಂಬರಿನಲ್ಲಿ ತಂಡದ ಹೆಸರನ್ನೇ ಹೊತ್ತ ಮುದ್ರಿಕೆ ಬಂದು ಮೊದಲ ಸ್ಥಾನ ಪಡೆಯಿತಾದರೂ ಅದಕ್ಕಾಗಿ ಊರೂರು ಸುತ್ತಿ ಹಾಡುವ ಸ್ಥಿತಿಯಲ್ಲಿ ಅವರಿರಲಿಲ್ಲ. 1996ರ ಏಪ್ರಿಲ್ 10ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಛೇರಿಯೊಂದು ನಡೆಯಿತು. ಎರಡೂವರೆ ವರ್ಷಗಳ ನಂತರದ ಆ ಕಛೇರಿಯನ್ನು ದೂರದರ್ಶನಕ್ಕಾಗಿ ಚಿತ್ರೀಕರಿಸಿಕೊಳ್ಳಲಾಯಿತು; ನೋಡಿದವರಿಗೆ ಹಾಡಿನ ಮಾಧುರ್ಯವೂ ಹಾಡುಗಾರರ ಕೃಶಕಾಯವೂ ಒಟ್ಟಿಗೇ ಕಂಡವು. ಅದೇ ಜುಲೈ 3ರಂದು ಕಾನ್ಸಾಸ್ ಸಿಟಿಯಲ್ಲಿ ಹಾಡಿದ್ದೇ ಸ್ಟೇಲಿಯವರ ಕಡೆಯ ವೇದಿಕೆಯಾಯಿತು.

ಆ ವರ್ಷದ ಅಕ್ಟೋಬರಿನಲ್ಲಿ, ಹಿಂದೆ ಅವರಿಗೆ ನಿಶ್ಚಯವಾಗಿದ್ದ ತರುಣಿ ತೀರಿಕೊಂಡರು. ಅಲ್ಲಿಂದ ಮುಂದೆ ಅವರು ತಮ್ಮ ಮನೆಯ ಬಾಗಿಲನ್ನು ಹಾಕಿಕೊಂಡರೆಂದೇ ಹೇಳಬೇಕು. 1998ರಲ್ಲಿ ಎರಡು ಹಾಡುಗಳ ಮುದ್ರಣಕ್ಕೆ ಗೆಳೆಯರೊಡನೆ ಸೇರಿದ್ದನ್ನು ಬಿಟ್ಟರೆ ತಂಡದ ಕೆಲಸ ಹೆಚ್ಚುಕಡಿಮೆ ನಿಂತೇಹೋಯಿತು. ವಿಸರ್ಜಿಸಿದೆವೆಂದು ಯಾರೂ ಸಾರಲಿಲ್ಲ. ಗೆಳೆಯನು ಎದ್ದು ಬಂದಾನೆಂದು ಉಳಿದವರು ಕಾದರು.

2002ರ ಏಪ್ರಿಲ್ ತಿಂಗಳಲ್ಲಿ ಅವರ ಬ್ಯಾಂಕ್ ಖಾತೆಯಿಂದ ಎರಡು ವಾರ ಹಣ ತೆಗೆಯದಿರುವುದನ್ನು ಲೆಕ್ಕಪತ್ರ ನೋಡುವವರು ಗಮನಿಸಿದರು. ಸುದ್ದಿ ತಾಯಿಗೆ ಮುಟ್ಟಿತು. ತಾಯಿ ಪೊಲೀಸರನ್ನು ಕರೆದರು. ಏಪ್ರಿಲ್ 19ರಂದು ಬಾಗಿಲು ತೆರೆದಾಗ ಮಗ ಇರಲಿಲ್ಲ. ಏಪ್ರಿಲ್ 5ರಂದೇ ಮಾದಕವಸ್ತುಗಳ ಸೇವನೆಯಿಂದ ಪ್ರಾಣ ಹೋಗಿತ್ತೆಂದು ನಿರ್ಧರಿಸಲಾಯಿತು. ವಯಸ್ಸು 34. ಲಕ್ಷಾಂತರ ಜನ ಹೆಸರು ಬಲ್ಲ ಮನುಷ್ಯನೊಬ್ಬನ ಮರಣವನ್ನು ಮೊದಲು ತಿಳಿಸಿದ್ದು ಅಲುಗಾಡದೆ ನಿಂತ ಒಂದು ಬ್ಯಾಂಕ್ ಖಾತೆ ಎಂಬುದನ್ನು ಓದುವಾಗ ಎಂಥವರ ಎದೆಯೂ ತಲ್ಲಣಿಸದಿರದು.

ಇನ್ನೊಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ತಂಡದ ಹಿಂದಿನ ಸದಸ್ಯ ಮೈಕ್ ಸ್ಟಾರ್ ತಾವೂ ವ್ಯಸನಿಯಾಗಿದ್ದವರು. ತಾವು ಏಪ್ರಿಲ್ 4ರಂದು ಸ್ಟೇಲಿಯವರ ಮನೆಯಲ್ಲಿದ್ದುದನ್ನು ಅವರು 2010ರಲ್ಲಿ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ತಿಳಿಸಿದರು. ಗೆಳೆಯನ ಸ್ಥಿತಿ ಕಂಡು ವೈದ್ಯಕೀಯ ನೆರವು ಕರೆಯುವೆನೆಂದಾಗ ಸ್ಟೇಲಿ ಬೇಡವೆಂದರು, ಕರೆದರೆ ಇನ್ನೆಂದೂ ಮಾತನಾಡಿಸೆನೆಂದರು. ಮಾತಿಗೆ ಮಾತು ಬೆಳೆದು ತಾವು ಸಿಟ್ಟಿನಿಂದ ಹೊರಟುಬಂದೆವೆಂದು ಅವರು ಹೇಳಿಕೊಂಡರು. ಸ್ಟೇಲಿಯವರ ತಾಯಿ ಅಂದು ಎದುರಿನಲ್ಲಿಯೇ ಇದ್ದರು. ಆ ತಾಯಿ ಸ್ಟಾರ್ ಅವರ ಮೇಲೆ ದೋಷ ಹೊರಿಸಲಿಲ್ಲ, ಕ್ಷಮೆಯ ಮಾತನ್ನೇ ಆಡಿದರು. ಆದರೂ ಮನಸ್ಸಿನ ಭಾರ ಇಳಿಯುವುದು ಅಷ್ಟು ಸುಲಭವೇ? 2011ರ ಮಾರ್ಚ್ ತಿಂಗಳಲ್ಲಿ ಮೈಕ್ ಸ್ಟಾರ್ ಕೂಡ ತೀರಿಕೊಂಡರು.

ಪರರ ದುಃಖಕ್ಕಾಗಿ ಕೂಡಿದವರು

ಮೂರು ವರ್ಷ ಉಳಿದ ಮೂವರೂ ತಮ್ಮ ತಮ್ಮ ದಾರಿ ಹಿಡಿದರು. ಕ್ಯಾಂಟ್ರೆಲ್ 2002ರ ಜೂನ್‌ನಲ್ಲಿ ತಾವೊಬ್ಬರೇ ಹೊರತಂದ ಮುದ್ರಿಕೆಯನ್ನು ಗೆಳೆಯನಿಗೆ ಅರ್ಪಿಸಿದರು. ತಾವೂ ವ್ಯಸನದ ದಾಸರಾಗಿದ್ದವರು 2003ರಲ್ಲಿ ಅದರಿಂದ ಹೊರಬಂದರು. ಮುಂದಿನ ಕಥೆಗೆ ಇದು ಅತ್ಯಗತ್ಯವಾದ ಘಟ್ಟವೆಂದು ನಮ್ಮ ಅಭಿಪ್ರಾಯ. ಬಿದ್ದವನು ಎದ್ದು ನಿಲ್ಲದೆ ಬಿದ್ದ ಮನೆಯನ್ನು ಕಟ್ಟಲಾರನು.

ಮತ್ತೆ ಒಂದಾಗಲು ಕಾರಣವಾದದ್ದು ನಮ್ಮ ಕಡಲಿನ ದುರಂತ. 2004ರ ಡಿಸೆಂಬರ್ 26ರಂದು ಹಿಂದೂ ಮಹಾಸಾಗರದಲ್ಲಿ ಎದ್ದ ಸುನಾಮಿ ಇಂಡೋನೇಷ್ಯಾ, ಶ್ರೀಲಂಕಾ, ಥಾಯ್ಲೆಂಡ್, ನಮ್ಮ ಅಂಡಮಾನ್, ನಾಗಪಟ್ಟಿಣಂ ತೀರಗಳಲ್ಲಿ ಎರಡು ಲಕ್ಷಕ್ಕೂ ಮೇಲ್ಪಟ್ಟು ಜೀವಗಳನ್ನು ಕೊಚ್ಚಿಕೊಂಡು ಹೋದುದನ್ನು ನಾವಾರೂ ಮರೆತಿಲ್ಲ. ಆ ಸಂತ್ರಸ್ತರಿಗೆ ನೆರವಾಗಲೆಂದು ಸಿಯಾಟಲ್‌ನಲ್ಲಿ ಒಂದು ಕಛೇರಿ ನಡೆಸುವ ಯೋಚನೆ ಡ್ರಮ್ ವಾದಕ ಶಾನ್ ಕಿನ್ನಿಯವರಿಗೆ ಬಂದಿತು. 2005ರ ಫೆಬ್ರವರಿ 18ರಂದು ಕ್ಯಾಂಟ್ರೆಲ್, ಕಿನ್ನಿ, ಐನೆಜ್ ಮೂವರೂ ಒಂದೇ ವೇದಿಕೆಯ ಮೇಲೆ ನಿಂತರು. ಸ್ಟೇಲಿಯವರ ಪಾಲನ್ನು ಬೇರೆ ಬೇರೆ ಗಾಯಕರು ಹಂಚಿಕೊಂಡು ಹಾಡಿದರು. ಸಿಯಾಟಲ್‌ನವರೇ ಆದ ಹಿರಿಯ ಗಾಯಕಿ ಆನ್ ವಿಲ್ಸನ್ ಅವರೂ ಅವರಲ್ಲಿದ್ದರು.

ಇದನ್ನು ನಾವು ಎರಡು ಬಾರಿ ಯೋಚಿಸಿ ನೋಡಬೇಕು. ತಮ್ಮ ಹೆಸರಿಗಾಗಿಯೋ ಹಣಕ್ಕಾಗಿಯೋ ಕೂಡಿದ್ದರೆ ಆ ಮೂವರಿಗೆ ಒಬ್ಬರ ಮುಖವನ್ನೊಬ್ಬರು ನೋಡುವುದು ಕಷ್ಟವಾಗುತ್ತಿತ್ತೇನೋ. ಎಂದೂ ಕಾಣದ ದೇಶಗಳ ಜನರ ದುಃಖಕ್ಕೆ ಕೈನೀಡಲು ಹೋದಾಗ ತಮ್ಮ ದುಃಖವನ್ನು ಎತ್ತಿ ಹಿಡಿಯುವ ಬಲವೂ ಅವರಿಗೆ ದೊರೆಯಿತು. ದಾಸೋಹವೆಂಬ ಮಾತನ್ನು ಅವರು ಕೇಳಿರಲಾರರು. ಆದರೆ ಕೊಟ್ಟ ಕೈ ಬರಿದಾಗುವುದಿಲ್ಲವೆಂಬ ಅನುಭವ ಅವರದಾಯಿತು.

ಹೊಸಬರು ಬಂದ ಬಗೆ

2006ರ ಮಾರ್ಚ್‌ನಲ್ಲಿ ಇನ್ನೊಂದು ಕಾರ್ಯಕ್ರಮಕ್ಕಾಗಿ ಅವರು ಮತ್ತೆ ಸೇರಿದಾಗ ಹಾಡಿದವರಲ್ಲಿ ವಿಲಿಯಂ ಡುವಾಲ್ ಒಬ್ಬರು. ಮುಂದೆ ತಂಡದ ಖಾಯಂ ಸದಸ್ಯರಾದವರು ಇವರೇ. ಅಟ್ಲಾಂಟಾ ನಗರದ ಸಂಗೀತ ವಲಯದಲ್ಲಿ ಬಹುಕಾಲ ದುಡಿದವರು. ತಮ್ಮದೇ ತಂಡ ಕಟ್ಟಿದ್ದವರು. ಅವರು ಕ್ಯಾಂಟ್ರೆಲ್ಲರಿಗೆ 2000ದ ಸುಮಾರಿನಿಂದಲೇ ಪರಿಚಿತರು. 2001 ಮತ್ತು 2002ರಲ್ಲಿ ಕ್ಯಾಂಟ್ರೆಲ್ ಒಬ್ಬಂಟಿಯಾಗಿ ಊರೂರು ಸುತ್ತಿ ಹಾಡುತ್ತಿದ್ದಾಗ ಡುವಾಲ್ ಅವರ ತಂಡವೇ ಹಿನ್ನೆಲೆಯಲ್ಲಿ ನಿಂತು ನುಡಿಸಿತ್ತು. ಹಳೆಯ ಹಾಡುಗಳಲ್ಲಿ ಸ್ಟೇಲಿಯವರ ಭಾಗವನ್ನು ಆಗಲೇ ಅವರು ಹಾಡಿದ್ದರು. ಗೆಳೆಯನನ್ನು ಕಳೆದುಕೊಂಡ ಆ ಬೇಸಗೆಯಲ್ಲಿ ಕ್ಯಾಂಟ್ರೆಲ್ಲರ ಪಕ್ಕದಲ್ಲಿದ್ದವರು ಅವರು ಎಂಬುದನ್ನು ಮರೆಯಲಾಗದು.

ಆದ್ದರಿಂದ ಇದು ಜಾಹೀರಾತು ಕೊಟ್ಟು, ಸತ್ತವರ ದನಿಯನ್ನು ಹೋಲುವ ಕಂಠವನ್ನು ಹುಡುಕಿ ತಂದ ಕೆಲಸವಲ್ಲ. ಪರಿಚಯ ಸ್ನೇಹವಾಗಿ, ಸ್ನೇಹ ವಿಶ್ವಾಸವಾಗಿ, ವಿಶ್ವಾಸ ಸ್ಥಾನವಾಗಿ ಬೆಳೆದದ್ದು. ಸ್ಟೇಲಿ ಹುಟ್ಟಿದ್ದು 1967ರ ಆಗಸ್ಟ್ 22ರಂದು. ಡುವಾಲ್ ಅದೇ ವರ್ಷದ ಸೆಪ್ಟೆಂಬರ್ 6ರಂದು. ಕೇವಲ ಹದಿನೈದು ದಿನಗಳ ಅಂತರದಲ್ಲಿ, ಬೇರೆ ಬೇರೆ ಊರುಗಳಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬರು ಬಿಟ್ಟುಹೋದ ಹಾಡನ್ನು ಇನ್ನೊಬ್ಬರು ಎತ್ತಿಕೊಳ್ಳುವಂತಾಯಿತು.

ಆಕ್ಷೇಪಗಳು ಬರದಿರಲಿಲ್ಲ. ಸ್ಟೇಲಿ ಇಲ್ಲದ ತಂಡಕ್ಕೆ ಆ ಹೆಸರೇಕೆ, ಬೇರೆ ಹೆಸರಿಟ್ಟುಕೊಳ್ಳಬಾರದೇ ಎಂದು ಹಳೆಯ ಅಭಿಮಾನಿಗಳು ಕೇಳಿದರು. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಭಿಮಾನಿಗಳ ಪಾಲಿಗೆ ಅದು ತಮ್ಮ ಯೌವನದ ದನಿ. ಕಷ್ಟದ ರಾತ್ರಿಗಳಲ್ಲಿ ಜೊತೆಗಿದ್ದ ದನಿ. ಆ ಸ್ಥಾನದಲ್ಲಿ ಬೇರೊಬ್ಬರು ನಿಂತಾಗ ನೋವಾಗುವುದು ಸಹಜ. ಆದರೆ ಹೆಸರು ಒಬ್ಬರದಾಗಿರಲಿಲ್ಲ ಎಂಬುದೂ ಅಷ್ಟೇ ನಿಜ. ಹಾಡುಗಳಲ್ಲಿ ಹೆಚ್ಚಿನವನ್ನು ರಚಿಸಿದ ಕ್ಯಾಂಟ್ರೆಲ್, ಮೊದಲ ದಿನದಿಂದ ಇದ್ದ ಕಿನ್ನಿ, ತಂಡದ ಏಳುಬೀಳುಗಳನ್ನು 1993ರಿಂದ ಕಂಡ ಐನೆಜ್ ಇವರೆಲ್ಲರ ಆಯುಷ್ಯವೂ ಆ ಹೆಸರಿನಲ್ಲಿ ಸೇರಿತ್ತು. ಮೇಲಾಗಿ ಆ ಜೋಡಿ ದನಿಯಲ್ಲಿ ಒಂದು ದನಿ ಇನ್ನೂ ಬದುಕಿತ್ತು.

ಹದಿನಾಲ್ಕು ವರ್ಷಗಳ ನಂತರ

ಹೊಸ ಮುದ್ರಿಕೆಯ ಕೆಲಸ 2008ರ ಅಕ್ಟೋಬರಿನಲ್ಲಿ ಆರಂಭವಾಯಿತು. ಆಗ ಅವರ ಬೆನ್ನಿಗೆ ಯಾವ ಕಂಪನಿಯೂ ಇರಲಿಲ್ಲ. ಸ್ವಂತ ಹಣವನ್ನೇ ಹಾಕಿಕೊಂಡು ಮುದ್ರಣಕ್ಕಿಳಿದರು. ಲಾಸ್ ಏಂಜಲೀಸ್ ಬಳಿಯ ನಾರ್ತ್‌ರಿಜ್‌ನಲ್ಲಿ, ಫೂ ಫೈಟರ್ಸ್ ಎಂಬ ಇನ್ನೊಂದು ತಂಡಕ್ಕೆ ಸೇರಿದ ಸ್ಟುಡಿಯೋದಲ್ಲಿ, ನಿಕ್ ರಾಸ್ಕುಲಿನೆಕ್ಜ್ ಅವರ ನಿರ್ಮಾಣದಲ್ಲಿ ಕೆಲಸ ಸಾಗಿತು. 2009ರ ಮಾರ್ಚ್ 18ರಂದು, ಕ್ಯಾಂಟ್ರೆಲ್ಲರ 43ನೆಯ ಹುಟ್ಟುಹಬ್ಬದಂದು ಮುದ್ರಣ ಮುಗಿಯಿತು. 2009ರ ಸೆಪ್ಟೆಂಬರ್ 29ರಂದು ಧ್ವನಿಮುದ್ರಿಕೆ ಹೊರಬಂದಿತು. 'ಡರ್ಟ್' ಬಂದು ಸರಿಯಾಗಿ ಹದಿನೇಳು ವರ್ಷ; ಹಿಂದಿನ ಪೂರ್ಣ ಮುದ್ರಿಕೆ ಬಂದು ಸುಮಾರು ಹದಿನಾಲ್ಕು ವರ್ಷ.

ಅದರ ಹೆಸರು 'ಬ್ಲ್ಯಾಕ್ ಗಿವ್ಸ್ ವೇ ಟು ಬ್ಲೂ'. ಕಪ್ಪು ಸರಿದು ನೀಲಿಗೆ ಎಡೆಗೊಡುತ್ತದೆ ಎಂದು ಅರ್ಥ ಹೇಳಬಹುದು. ಇಂಗ್ಲಿಷಿನಲ್ಲಿ ನೀಲಿಯೆಂದರೆ ಆಕಾಶದ ಬಣ್ಣವೂ ಹೌದು, ಮನಸ್ಸಿನ ಮ್ಲಾನತೆಯೂ ಹೌದು. ಹೀಗಾಗಿ ಆ ಹೆಸರಿನಲ್ಲಿ ದುಃಖ ಅಳಿದು ಸಂತೋಷ ಬಂದಿತೆಂಬ ಸುಳ್ಳು ಭರವಸೆಯಿಲ್ಲ. ಕಗ್ಗತ್ತಲೆಯಂತಿದ್ದ ದುಃಖ ತುಸು ತಿಳಿಯಾಗಿ, ಹೊತ್ತು ನಡೆಯಬಹುದಾದ ದುಃಖವಾಯಿತೆಂಬ ಸೂಚನೆಯಿದೆ. ಹತ್ತಿರದವರನ್ನು ಕಳೆದುಕೊಂಡ ಯಾರಿಗಾದರೂ ಈ ವ್ಯತ್ಯಾಸ ತಿಳಿಯದೆ ಇರದು.

ಹನ್ನೊಂದು ಹಾಡುಗಳ ಈ ಮುದ್ರಿಕೆಯ ಮೊದಲನೆಯದು 'ಆಲ್ ಸೀಕ್ರೆಟ್ಸ್ ನೋನ್'. ಮತ್ತೆ ಆರಂಭಿಸುವುದರ ಭಯ ಮತ್ತು ಸಂಕಲ್ಪವೇ ಅದರ ವಸ್ತು. ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ಡುವಾಲ್ ಅವರನ್ನು ಸ್ಟೇಲಿಯವರ ಪಡಿಯಚ್ಚಿನಂತೆ ಮುಂದೆ ನಿಲ್ಲಿಸಿಲ್ಲ. ಹಾಡುಗಾರಿಕೆಯ ಬಹುಭಾಗವನ್ನು ಕ್ಯಾಂಟ್ರೆಲ್ ತಾವೇ ವಹಿಸಿಕೊಂಡರು. ಡುವಾಲ್ ಪಕ್ಕದಲ್ಲಿ ನಿಂತು ಎರಡನೆಯ ದನಿಯನ್ನು ಕೂಡಿಸಿದರು, ಜೊತೆಗೆ ಎರಡನೆಯ ಗಿಟಾರನ್ನೂ ನುಡಿಸಿದರು. ಮೊದಲು ಬಲಗಡೆಯಲ್ಲಿದ್ದವರು ನಡುವಿಗೆ ಬಂದರು. ಬಲಗಡೆಗೆ ಹೊಸಬರು ಬಂದರು ಎನ್ನೋಣ. ಜೋಡಿ ದನಿಯೆಂಬ ಮನೆಯ ಪದ್ಧತಿ ಉಳಿಯಿತು, ಆದರೆ ಹೋದವರ ಅಂಗಿಯನ್ನು ಬಂದವರಿಗೆ ತೊಡಿಸಲಿಲ್ಲ.

ಮುದ್ರಿಕೆಯ ಕಡೆಯ ಹಾಡಿಗೆ ಮುದ್ರಿಕೆಯದೇ ಹೆಸರು. ಅದು ನೇರವಾಗಿ ಸ್ಟೇಲಿಯವರಿಗೆ ಹೇಳಿದ ವಿದಾಯ. ಈ ಹಾಡುಗಳನ್ನು ರಚಿಸುವ ಕಾಲದಲ್ಲಿ ತಮಗೆ ಕಾರಣ ತಿಳಿಯದ ತೀವ್ರ ತಲೆನೋವು ಬಂದುದನ್ನೂ, ವೈದ್ಯರ ಪರೀಕ್ಷೆಗಳಲ್ಲಿ ಏನೂ ಸಿಕ್ಕದಿದ್ದುದನ್ನೂ, ಒಳಗೆ ಹುದುಗಿದ್ದ ಶೋಕವೇ ಹಾಗೆ ಹೊರಬಂದಿತೆಂದು ತಮಗೆ ತೋರಿದುದನ್ನೂ ಕ್ಯಾಂಟ್ರೆಲ್ ಹೇಳಿಕೊಂಡಿದ್ದಾರೆ. ಈ ಹಾಡನ್ನು ಅವರು ಬೇರೆಯವರಿಗೆ ಕೊಡದೆ ತಾವೇ ಹಾಡಿದರು. ಅದರಲ್ಲಿ ಪಿಯಾನೋ ನುಡಿಸಿದವರು ಇಂಗ್ಲೆಂಡಿನ ಪ್ರಖ್ಯಾತ ಗಾಯಕ ಎಲ್ಟನ್ ಜಾನ್. ಸ್ಟೇಲಿ ಬಾಲ್ಯದಲ್ಲಿ ನೋಡಿದ ಮೊದಲ ಕಛೇರಿ ಎಲ್ಟನ್ ಜಾನ್ ಅವರದೆಂದು ಹೇಳುತ್ತಾರೆ. ಹಾಡು ಕಳಿಸಿ ಕೇಳಿಕೊಂಡಾಗ ಆ ಹಿರಿಯ ಕಲಾವಿದರು ಒಪ್ಪಿ ನುಡಿಸಿಕೊಟ್ಟರು. ಭಾರವಾದ ಗಿಟಾರುಗಳ ಅಬ್ಬರವೆಲ್ಲ ಅಡಗಿ, ಪಿಯಾನೋದ ಮೃದುವಾದ ನಾದದೊಡನೆ ಮುದ್ರಿಕೆ ಮುಗಿಯುತ್ತದೆ.

ಜನ ಅದನ್ನು ಸ್ವೀಕರಿಸಿದರು. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 5ನೆಯ ಸ್ಥಾನಕ್ಕೆ ಬಂದಿತು. 2010ರ ಮೇ ತಿಂಗಳಲ್ಲಿ ಅಮೆರಿಕೆಯಲ್ಲಿ ಐದು ಲಕ್ಷ ಪ್ರತಿಗಳ ಸ್ವರ್ಣ ಮನ್ನಣೆ ದೊರೆಯಿತು. ಅದರ ಎರಡು ಹಾಡುಗಳು ಗ್ರ್ಯಾಮಿ ಪ್ರಶಸ್ತಿಯ ಅಂತಿಮ ಪಟ್ಟಿ ಸೇರಿದವು. ತಂಡವು ಇದೇ ನಾಲ್ವರೊಡನೆ 2013ರಲ್ಲಿಯೂ 2018ರಲ್ಲಿಯೂ ಹೊಸ ಮುದ್ರಿಕೆಗಳನ್ನು ತಂದಿತು. 2018ರ 'ರೇನಿಯರ್ ಫಾಗ್' ಮುದ್ರಿಕೆಯ ಕೆಲಸಕ್ಕೆ ಅವರು ಸಿಯಾಟಲ್‌ಗೆ ಮರಳಿದರು. ಸ್ಟೇಲಿಯವರೊಡನೆ 1995ರಲ್ಲಿ ಕಡೆಯ ಪೂರ್ಣ ಮುದ್ರಿಕೆಯನ್ನು ಮಾಡಿದ ಸ್ಟುಡಿಯೋದಲ್ಲಿಯೇ ಅವರು ಮತ್ತೆ ಕುಳಿತರು. 2019ರಲ್ಲಿ ಸಿಯಾಟಲ್ ನಗರವು ಆಗಸ್ಟ್ 22ನ್ನು ಲೇನ್ ಸ್ಟೇಲಿ ದಿನವೆಂದು ಸಾರಿ ಗೌರವಿಸಿತು. ಹೊಸಬರು ಬಂದುದರಿಂದ ಹಳಬರ ನೆನಪು ಅಳಿಯಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ದಾರಿ ಒಂದೇ ಅಲ್ಲ

ಎಲ್ಲರೂ ಹೀಗೆಯೇ ಮಾಡಬೇಕೆಂದು ನಾವು ಹೇಳಲಾರೆವು. ಇಂಗ್ಲೆಂಡಿನ ಲೆಡ್ ಜೆಪ್ಪೆಲಿನ್ ತಂಡವು 1980ರ ಸೆಪ್ಟೆಂಬರಿನಲ್ಲಿ ಡ್ರಮ್ ವಾದಕ ಜಾನ್ ಬಾನಮ್ ತೀರಿಕೊಂಡಾಗ, ಅವರಿಲ್ಲದೆ ತಾವು ಅದೇ ತಂಡವಾಗಿ ಉಳಿಯಲಾರೆವೆಂದು ಡಿಸೆಂಬರಿನಲ್ಲಿ ಕೆಲಸ ನಿಲ್ಲಿಸಿತು. ಅದೇ ವರ್ಷ ಆಸ್ಟ್ರೇಲಿಯಾದ ಎಸಿ/ಡಿಸಿ ತಂಡವು ಫೆಬ್ರವರಿಯಲ್ಲಿ ಗಾಯಕ ಬಾನ್ ಸ್ಕಾಟ್ ಅವರನ್ನು ಕಳೆದುಕೊಂಡು, ಬ್ರಯಾನ್ ಜಾನ್ಸನ್ ಅವರನ್ನು ಸೇರಿಸಿಕೊಂಡು, ಜುಲೈ ವೇಳೆಗೆ 'ಬ್ಯಾಕ್ ಇನ್ ಬ್ಲ್ಯಾಕ್' ಎಂಬ ಮುದ್ರಿಕೆಯನ್ನು ಹೊರತಂದಿತು. ಲಿಂಕಿನ್ ಪಾರ್ಕ್ ತಂಡವು 2017ರಲ್ಲಿ ಗಾಯಕ ಚೆಸ್ಟರ್ ಬೆನಿಂಗ್ಟನ್ ಅವರನ್ನು ಕಳೆದುಕೊಂಡು, ಏಳು ವರ್ಷಗಳ ನಂತರ 2024ರಲ್ಲಿ ಎಮಿಲಿ ಆರ್ಮ್‌ಸ್ಟ್ರಾಂಗ್ ಎಂಬ ಗಾಯಕಿಯೊಡನೆ 'ಫ್ರಮ್ ಜೀರೋ' ಮುದ್ರಿಕೆಯ ಮೂಲಕ ಮರಳಿತು.

ನಿಲ್ಲಿಸಿದವರು ಹೇಡಿಗಳಲ್ಲ, ಐದು ತಿಂಗಳಲ್ಲಿ ಮುಂದುವರಿದವರು ಕಟುಹೃದಯರಲ್ಲ, ಏಳು ವರ್ಷ ಕಾದವರು ದುರ್ಬಲರಲ್ಲ. ಶೋಕಕ್ಕೆ ಪಂಚಾಂಗವಿಲ್ಲ. ಯಾರ ಮನೆಯ ದುಃಖಕ್ಕೆ ಎಷ್ಟು ದಿನವೆಂದು ಹೊರಗಿನವರು ಗೊತ್ತುಪಡಿಸುವಂತಿಲ್ಲ. ಆದರೂ ಆಲಿಸ್ ಇನ್ ಚೈನ್ಸ್ ನಡೆದ ದಾರಿಯಲ್ಲಿ ಮೂರು ಸಂಗತಿಗಳು ನಮಗೆ ಹಿಡಿಸುತ್ತವೆ. ಮೊದಲನೆಯದು, ಉಳಿದವರು ಮೊದಲು ತಮ್ಮನ್ನು ತಾವು ನೆಟ್ಟಗೆ ಮಾಡಿಕೊಂಡರು. ಎರಡನೆಯದು, ಹೋದವರ ಹೆಸರನ್ನು ಮುಚ್ಚಿಡಲಿಲ್ಲ, ಅವರ ಮರಣದ ಕಾರಣವನ್ನೂ ಅಲಂಕರಿಸಿ ಹೇಳಲಿಲ್ಲ. ಮೂರನೆಯದು, ಬಂದವರಿಗೆ ಅವರದೇ ಆದ ಸ್ಥಾನವನ್ನು ಕೊಟ್ಟರು.

ಈ ಮೂರನೆಯದರ ಬಗ್ಗೆ ಒಂದು ಮಾತು. ನಮ್ಮ ಮನೆಗಳಲ್ಲಿಯೂ ಹೋದವರ ಸ್ಥಾನಕ್ಕೆ ಬರುವವರುಂಟು. ಹಿರಿಯ ಸೊಸೆ ತೀರಿಕೊಂಡ ಮನೆಗೆ ಬಂದವಳು, ಹೆಸರಾಂತ ಉಪಾಧ್ಯಾಯರು ನಿವೃತ್ತರಾದ ಶಾಲೆಗೆ ಬಂದವರು, ಅಣ್ಣನ ವ್ಯವಹಾರ ಹೊತ್ತ ತಮ್ಮ, ಇವರೆಲ್ಲ ಪ್ರತಿದಿನ ಕೇಳುವ ಮಾತು ಒಂದೇ: ಅವರಿದ್ದಾಗ ಹೀಗಿರಲಿಲ್ಲ. ಹಾಗೆನ್ನುವವರಲ್ಲಿ ಕೆಡುಕಿನ ಉದ್ದೇಶವಿಲ್ಲದಿರಬಹುದು. ಆದರೆ ಕೇಳುವವರು ಒಳಗೊಳಗೇ ಬಾಡುತ್ತಾರೆ. ಹೋದವರನ್ನು ನೆನೆಯಲು ಬಂದವರನ್ನು ಅಳೆಯುವ ಅಗತ್ಯವಿಲ್ಲ.

ಮನೆಯವರಿಗೆ ಒಂದು ಕಿವಿಮಾತು

ಕೊನೆಗೆ ಇನ್ನೊಂದನ್ನು ಹೇಳದೆ ಈ ಅಂಕಣವನ್ನು ಮುಗಿಸಲಾರೆವು. ಈ ಕಥೆಯಲ್ಲಿ ಸೋಲು ಸಂಗೀತದ್ದಲ್ಲ, ವ್ಯಸನದ್ದು. ಹಾಡಿನಿಂದ ಮಕ್ಕಳು ಕೆಡುತ್ತಾರೆಂದು ಕಿವಿಗೆ ಹಾಕಿಕೊಂಡ ತಂತಿಯನ್ನು ಕಿತ್ತರೆ ಪ್ರಯೋಜನವಿಲ್ಲ. ಮಗನೋ ಮಗಳೋ ಗೆಳೆಯರನ್ನು ಬಿಟ್ಟು, ಊಟ ನಿದ್ರೆ ಬಿಟ್ಟು, ಕೋಣೆಯ ಬಾಗಿಲು ಹಾಕಿಕೊಳ್ಳತೊಡಗಿದಾಗ ಆ ಬಾಗಿಲನ್ನು ಪ್ರೀತಿಯಿಂದ ತಟ್ಟಬೇಕಾದದ್ದು ಮನೆಯವರ ಕೆಲಸ. ವ್ಯಸನವು ರೋಗ; ಅದಕ್ಕೆ ಚಿಕಿತ್ಸೆಯಿದೆ. ಮನೆತನದ ಮರ್ಯಾದೆಗೆ ಅಂಜಿ ಮುಚ್ಚಿಟ್ಟಷ್ಟೂ ಅದು ಬೆಳೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮಾದಕವಸ್ತುವಿನ ವ್ಯಸನಕ್ಕೆ ಕೇಂದ್ರ ಸರ್ಕಾರದ ಉಚಿತ ದೂರವಾಣಿ 14446. ಮನಸ್ಸಿನ ಕ್ಲೇಶಗಳಿಗೆ ಟೆಲಿ ಮಾನಸ್ ಸೇವೆಯ ದೂರವಾಣಿ 14416.

ಪ್ರಾಣಾಪಾಯದ ಲಕ್ಷಣ ಕಂಡಾಗ ಮಾತ್ರ ರೋಗಿಯ ಒಪ್ಪಿಗೆಗೆ ಕಾಯಬಾರದು; ಕೂಡಲೇ 108ಕ್ಕೆ ಕರೆಮಾಡಬೇಕು. ಇನ್ನು ಮುಂದೆ ನಿನ್ನೊಡನೆ ಮಾತನಾಡುವುದಿಲ್ಲ ಎಂದು ಸಿಟ್ಟಾದವರನ್ನು ನಾಳೆ ಒಲಿಸಿಕೊಳ್ಳಬಹುದು. ಅದಕ್ಕೆ ಅವರು ನಾಳೆ ಇರಬೇಕು. ಮೈಕ್ ಸ್ಟಾರ್ ಒಂಬತ್ತು ವರ್ಷ ಹೊತ್ತು ತಿರುಗಿದ ಭಾರವನ್ನು ನಮ್ಮ ಓದುಗರ ಮನೆಗಳಲ್ಲಿ ಯಾರೂ ಹೊರುವಂತಾಗದಿರಲಿ. ಎರಡು ದನಿಗಳು ಕೂಡಿ ಹಾಡುತ್ತಿರುವ ಮನೆಗಳಲ್ಲಿ ಎರಡೂ ದನಿಗಳು ಬಹುಕಾಲ ಉಳಿಯಲಿ ಎಂಬುದೇ ನಮ್ಮ ಹಾರೈಕೆ.